ಹೊರಾಂಗಣ ಮತ್ತು ಸಾಹಸ ಶಿಕ್ಷಣದಲ್ಲಿ ಸ್ನಾತಕೋತ್ತರ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಾರಣದ ದಾರಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಈಗಷ್ಟೇ ವಿಷಯ ತಿಳಿದವರು ಮೊದಲಿನಿಂದ ಓದಿ. ಅರ್ಜಿ ಹಾಕುವ ತಯಾರಿಯಲ್ಲಿರುವವರು ನಡುವಿನಿಂದ ಶುರು ಮಾಡಬಹುದು. ಶುಲ್ಕ, ವೀಸಾ ನಿಯಮ, ಕೋರ್ಸಿನ ಹೆಸರು ವರ್ಷ ವರ್ಷ ಬದಲಾಗುತ್ತವೆ. ಅವನ್ನು ಮಾತ್ರ ಆಯಾ ವಿಶ್ವವಿದ್ಯಾಲಯದಲ್ಲೇ ವಿಚಾರಿಸಿಕೊಳ್ಳಿ.

## ಮೊದಲ ಹೆಜ್ಜೆ

ಔಟ್‌ಡೋರ್ ಎಜುಕೇಷನ್‌ನಲ್ಲೂ ಎಂ.ಎಸ್ಸಿ. ಇದೆಯಾ? ನಿಜವಾಗ್ಲೂ?

ಇದೆ, ಅದೂ ಇವತ್ತು ನಿನ್ನೆಯದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದ ಮೋರೆ ಹೌಸ್ ಶಿಕ್ಷಣ ವಿಭಾಗದಲ್ಲಿ ಈ ವಿಷಯ 1970ರ ದಶಕದಿಂದ ಇದೆ. ಅಮೆರಿಕದ ಅರಿಜೋನಾದಲ್ಲಿರುವ ಪ್ರೆಸ್ಕಾಟ್ ಕಾಲೇಜು 1966ರಲ್ಲಿ ಶುರುವಾದದ್ದು. ಸಾಹಸ ಶಿಕ್ಷಣಕ್ಕೆ ಅದು ಮೊದಲಿನಿಂದಲೂ ಹೆಸರುವಾಸಿ.

ಇವುಗಳ ಬೇರು ಇನ್ನೂ ಹಿಂದಿನದು. ಜರ್ಮನಿಯ ಶಿಕ್ಷಕ ಕುರ್ಟ್ ಹಾನ್ ನಾಜಿಗಳನ್ನು ವಿರೋಧಿಸಿ ದೇಶ ಬಿಟ್ಟು ಬ್ರಿಟನ್ನಿಗೆ ಬಂದರು. 1934ರಲ್ಲಿ ಗಾರ್ಡನ್‌ಸ್ಟನ್ ಶಾಲೆ ಕಟ್ಟಿದರು. 1941ರಲ್ಲಿ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಜೊತೆ ಸೇರಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಅನ್ನುವ ಸಾಹಸ ತರಬೇತಿ ಶಾಲೆ ಶುರು ಮಾಡಿದರು. ಅಮೆರಿಕದಲ್ಲಿ ಪಾಲ್ ಪೆಟ್ಜೋಲ್ಟ್ 1965ರಲ್ಲಿ ವಯೋಮಿಂಗ್‌ನ ಲ್ಯಾಂಡರ್‌ನಲ್ಲಿ ಹೊರಾಂಗಣ ನಾಯಕತ್ವ ಕಲಿಸುವ ನೋಲ್ಸ್ ಸಂಸ್ಥೆ ಕಟ್ಟಿದರು. ಇಂಥ ಸಂಸ್ಥೆಗಳಿಗೆ ಕಲಿಸುವವರು ಬೇಕಾದರು. ಕಲಿಸುವವರನ್ನು ಯಾರು ತಯಾರು ಮಾಡಬೇಕು ಅನ್ನುವ ಪ್ರಶ್ನೆ ಬಂತು. ವಿಶ್ವವಿದ್ಯಾಲಯಗಳು ಈ ಕಡೆ ತಿರುಗಿದ್ದು ಹೀಗೆ.

ಟ್ರೆಕ್ ಲೀಡರ್ ಆಗೋಕೆ ಇಷ್ಟೆಲ್ಲ ಓದಬೇಕಾ?

ಬೇಡ. ಚಾರಣ ಮುನ್ನಡೆಸಲು ಅನುಭವ, ಒಳ್ಳೆಯ ತರಬೇತಿ, ಪ್ರಥಮ ಚಿಕಿತ್ಸೆಯ ಜ್ಞಾನ ಸಾಕು. ಈ ಪದವಿಯಿಂದ ನೀವು ಹೆಚ್ಚು ಚೆನ್ನಾಗಿ ಬಂಡೆ ಹತ್ತುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಷ್ಟೋ ಜನ ಇದನ್ನು ತಿಳಿಯದೆ ಸಾಲ ಮಾಡಿ ಹೋಗುತ್ತಾರೆ.

ಇಲ್ಲಿ ಓದುವುದು ಬೇರೆ. ಬಯಲಿನಲ್ಲಿ, ಕಾಡಿನಲ್ಲಿ, ನೀರಿನ ಮೇಲೆ ಮನುಷ್ಯ ಏನು ಕಲಿಯುತ್ತಾನೆ? ಹೇಗೆ ಕಲಿಯುತ್ತಾನೆ? ಕಲಿತದ್ದು ಮನೆಗೆ ಹೋದ ಮೇಲೂ ಉಳಿಯುತ್ತದಾ? ಇನ್ನೊಬ್ಬರ ಮಗುವನ್ನು ಅಪಾಯದ ಹತ್ತಿರ ಕರೆದೊಯ್ಯುವ ಹಕ್ಕು ನನಗೆ ಎಲ್ಲಿಂದ ಬಂತು? ಈ ಪ್ರಶ್ನೆಗಳು ನಿಮ್ಮನ್ನು ಕಾಡುತ್ತಿದ್ದರೆ ಓದಿ. ಬೆಟ್ಟ ಮಾತ್ರ ಕಾಡುತ್ತಿದ್ದರೆ ಆ ದುಡ್ಡಿನಲ್ಲಿ ಬೆಟ್ಟಕ್ಕೆ ಹೋಗಿ.

ಪಿ.ಟಿ. ಮೇಷ್ಟ್ರು ಓದೋ ಬಿ.ಪಿ.ಎಡ್.ಗೂ ಇದಕ್ಕೂ ಏನು ವ್ಯತ್ಯಾಸ?

ಬಿ.ಪಿ.ಎಡ್.ನಲ್ಲಿ ದೇಹ, ಆಟ, ಸ್ಪರ್ಧೆ ಮುಖ್ಯ. ಇಲ್ಲಿ ಸ್ಪರ್ಧೆ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಶಿಕ್ಷಣಶಾಸ್ತ್ರ, ಮನಶ್ಶಾಸ್ತ್ರ, ಪರಿಸರ, ಒಂದಿಷ್ಟು ತತ್ವಶಾಸ್ತ್ರ, ಒಂದಿಷ್ಟು ಕಾನೂನು ಸೇರುತ್ತವೆ. ಹಾಗಂತ ಬಿ.ಪಿ.ಎಡ್. ಮಾಡಿದವರಿಗೆ ಇದು ದೂರದ ವಿಷಯವಲ್ಲ. ಮಕ್ಕಳನ್ನು ಮೈದಾನದಲ್ಲಿ ಸಂಭಾಳಿಸಿ ಗೊತ್ತಿರುವವರು ತರಗತಿಯಲ್ಲಿ ಬೇಗ ಹೊಂದಿಕೊಳ್ಳುತ್ತಾರೆ.

ಭಾರತದಲ್ಲೇ ಓದೋಕೆ ಆಗಲ್ವಾ?

ಇದೇ ಹೆಸರಿನ, ವಿಶ್ವವಿದ್ಯಾಲಯ ಕೊಡುವ ಸ್ನಾತಕೋತ್ತರ ಪದವಿ ನಮ್ಮಲ್ಲಿ ಅಪರೂಪ. ತರಬೇತಿಗೆ ಮಾತ್ರ ಕೊರತೆಯಿಲ್ಲ. ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್ 1954ರದು. ತೇನ್‌ಸಿಂಗ್ ನೋರ್ಗೆ ಅಲ್ಲಿನ ಮೊದಲ ಕ್ಷೇತ್ರ ತರಬೇತಿ ನಿರ್ದೇಶಕರು. ಉತ್ತರಕಾಶಿಯ ನೆಹರೂ ಸಂಸ್ಥೆ, ಅಂದರೆ ನಿಮ್, 1965ರದು. ಮನಾಲಿ, ಪಹಲ್ಗಾಮ್, ಅರುಣಾಚಲದ ದಿರಾಂಗ್‌ನಲ್ಲೂ ಇಂಥ ಸಂಸ್ಥೆಗಳಿವೆ. ನಮ್ಮ ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಇವು ಕೌಶಲ ಕಲಿಸುವ ಜಾಗಗಳು. ಪದವಿ ಕೊಡುವ ಜಾಗಗಳಲ್ಲ.

ಇಲ್ಲೇ ಇದ್ದು ಓದಬೇಕು ಅನ್ನುವವರಿಗೆ ನಾನು ಹೇಳುವ ದಾರಿ ಒಂದಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಶಿಕ್ಷಣದಲ್ಲಿ ಎಂ.ಎ. ಮಾಡಿ. ಕ್ಷೇತ್ರಕಾರ್ಯವನ್ನು ಹೊರಾಂಗಣ ಕಲಿಕೆಯ ಮೇಲೆ ಇಟ್ಟುಕೊಳ್ಳಿ. ರಜೆಗಳಲ್ಲಿ ಪರ್ವತಾರೋಹಣದ ಕೋರ್ಸು ಮುಗಿಸಿಕೊಳ್ಳಿ. ಶಾಲೆಗಳ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಇದು ಯಾವ ವಿದೇಶಿ ಪದವಿಗೂ ಕಡಿಮೆಯಲ್ಲ.

## ಅರ್ಜಿಗೆ ಮೊದಲು

ನಾನು ಬಿ.ಇ. ಓದಿ ಐಟಿಯಲ್ಲಿದ್ದೀನಿ. ನನಗೆ ಸೀಟು ಕೊಡ್ತಾರಾ?

ಕೊಡುತ್ತಾರೆ. ಈ ತರಗತಿಗಳಲ್ಲಿ ಶಾಲಾ ಶಿಕ್ಷಕರು, ಮಾಜಿ ಸೈನಿಕರು, ದಾದಿಯರು, ಎಂಜಿನಿಯರುಗಳು ಎಲ್ಲ ಒಟ್ಟಿಗೆ ಕೂರುತ್ತಾರೆ. ಯಾವ ಪದವಿ ಅನ್ನುವುದಕ್ಕಿಂತ ಜನರ ಜೊತೆ ಹೊರಗೆ ಏನು ಕೆಲಸ ಮಾಡಿದ್ದೀರಿ ಅನ್ನುವುದನ್ನು ನೋಡುತ್ತಾರೆ.

ಮೂರು ವರ್ಷದ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಆದವರು ಒಂದು ವಿಷಯ ಗಮನಿಸಿ. ಬ್ರಿಟನ್ನಿನಲ್ಲಿ ಮೂರು ವರ್ಷದ ಪದವಿ ನಡೆಯುತ್ತದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷದ ಓದು ಕೇಳುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಒಂದು ಮೇಲ್ ಹಾಕಿ ಕೇಳಿಬಿಡಿ.

ಮೊದಲು ಯಾವ ಕೋರ್ಸ್ ಮಾಡಿಕೊಳ್ಳಲಿ? ಬಿ.ಎಂ.ಸಿ. ಸಾಕಾ?

ಬಿ.ಎಂ.ಸಿ., ಅಂದರೆ ಬೇಸಿಕ್ ಮೌಂಟನಿಯರಿಂಗ್ ಕೋರ್ಸ್, ಒಳ್ಳೆಯ ಶುರು. ನಾಲ್ಕು ವಾರದ ಹತ್ತಿರದ ಕೋರ್ಸು ಅದು. ಬಂಡೆ, ಹಿಮ, ನೀರ್ಗಲ್ಲು ಮೂರರ ಪರಿಚಯವೂ ಆಗುತ್ತದೆ. ಎ ಗ್ರೇಡ್ ಬಂದರೆ ಅಡ್ವಾನ್ಸ್ ಕೋರ್ಸಿಗೆ ಹೋಗಬಹುದು. ಸೀಟುಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ, ಹಾಗಾಗಿ ಬೇಗ ಅರ್ಜಿ ಹಾಕಿ. ಕಲಿಸುವ ಆಸೆ ಇರುವವರಿಗೆ ಅಡ್ವಾನ್ಸ್ ಆದ ಮೇಲೆ ಮೆಥಡ್ ಆಫ್ ಇನ್‌ಸ್ಟ್ರಕ್ಷನ್ ಅನ್ನುವ ಕೋರ್ಸ್ ಇದೆ. ಜನ ಅದನ್ನು ಎಂ.ಓ.ಐ. ಎನ್ನುತ್ತಾರೆ. ನಿಮ್ಮ ಅರ್ಜಿಗೆ ನಿಜವಾದ ತೂಕ ಕೊಡುವುದು ಅದು.

ಎರಡನೆಯದು ಕಾಡಿನಲ್ಲಿ, ಆಸ್ಪತ್ರೆ ಹತ್ತಿರವಿಲ್ಲದ ಕಡೆ ಬೇಕಾಗುವ ಪ್ರಥಮ ಚಿಕಿತ್ಸೆ. ಎರಡು ದಿನದ ವೈಲ್ಡರ್‌ನೆಸ್ ಫಸ್ಟ್ ಏಡ್ ಕನಿಷ್ಠ. ಸಾಧ್ಯವಾದರೆ 70–80 ಗಂಟೆಯ ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ಮಾಡಿ. ಲಂಢೌರಿನ ವುಡ್‌ಸ್ಟಾಕ್ ಶಾಲೆಯ ಹ್ಯಾನಿಫ್ಲ್ ಸೆಂಟರ್ ಇಂಥ ಕೋರ್ಸುಗಳನ್ನು ನಡೆಸಿಕೊಂಡು ಬಂದಿದೆ.

ಮೂರನೆಯದನ್ನು ಜನ ಮರೆಯುತ್ತಾರೆ. ಲಾಗ್‌ಬುಕ್. ಹೋದ ಪ್ರತಿ ಚಾರಣ, ಹತ್ತಿದ ಪ್ರತಿ ಬಂಡೆ ಬರೆದಿಡಿ. "ಸಾವನದುರ್ಗ, ಚೆನ್ನಾಗಿತ್ತು" ಅಂತ ಬರೆದರೆ ಉಪಯೋಗವಿಲ್ಲ. ಯಾವ ತಿಂಗಳು, ಎಷ್ಟು ಜನ, ಅವರ ವಯಸ್ಸು, ನಿಮ್ಮ ಪಾತ್ರ ಏನು, ಹವೆ ಹೇಗಿತ್ತು, ಯಾವ ನಿರ್ಧಾರ ಬದಲಾಯಿಸಿದಿರಿ, ಯಾಕೆ. "ಮಧ್ಯಾಹ್ನ ಎರಡಕ್ಕೆ ಮೋಡ ಕಟ್ಟಿತು. ಬಂಡೆ ನುಣುಪು, ಮಳೆ ಬಿದ್ದರೆ ಕಾಲು ನಿಲ್ಲಲ್ಲ. ತುದಿಗೆ ಅರ್ಧ ಗಂಟೆ ಇದ್ದಾಗ ಎಲ್ಲರನ್ನೂ ಇಳಿಸಿದೆ. ಇಬ್ಬರು ಬೇಜಾರು ಮಾಡಿಕೊಂಡರು. ಮಳೆ ಬರಲಿಲ್ಲ." ಇಂಥ ಒಂದು ಟಿಪ್ಪಣಿ ಇಪ್ಪತ್ತು ಶಿಖರದ ಫೋಟೊಗಿಂತ ಜಾಸ್ತಿ ಹೇಳುತ್ತದೆ. ಬ್ರಿಟನ್ನಿನ ಮೌಂಟನ್ ಲೀಡರ್ ಅರ್ಹತೆಗೆ ತರಬೇತಿಗೆ ಮೊದಲು ಕನಿಷ್ಠ 20, ಪರೀಕ್ಷೆಗೆ ಮೊದಲು ಕನಿಷ್ಠ 40 ಗುಣಮಟ್ಟದ ಪರ್ವತ ದಿನಗಳ ದಾಖಲೆ ಕೇಳುತ್ತಾರೆ. ಬರೆಯುವ ಅಭ್ಯಾಸ ಈಗಲೇ ಇರಲಿ.

ಈಜು ಬರಲ್ಲ, ಹಿಮ ನೋಡೇ ಇಲ್ಲ. ಪರವಾಗಿಲ್ವಾ?

ಹಿಮ ನೋಡದಿದ್ದರೆ ನಡೆಯುತ್ತದೆ. ಈಜು ಕಲಿಯಿರಿ. ದಯವಿಟ್ಟು.

ಓದಿ ಮುಗಿದ ತಕ್ಷಣ ಹೋಗೋದಾ, ಕೆಲಸ ಮಾಡಿ ಹೋಗೋದಾ?

ಕೆಲಸ ಮಾಡಿ ಹೋಗಿ. ಕನಿಷ್ಠ ಎರಡು ವರ್ಷ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ತರಗತಿಯಲ್ಲಿ ಒಂದು ಸಿದ್ಧಾಂತ ಬಂದಾಗ, ನಿಮ್ಮ ಕಣ್ಣ ಮುಂದೆ ಒಬ್ಬ ಹುಡುಗ, ಒಂದು ರಾತ್ರಿ, ಒಂದು ಜಗಳ ಬರಬೇಕು. ಆಗಲೇ ಓದು ಒಳಗೆ ಇಳಿಯುವುದು. ಹೊನ್ನೆಮರಡುವಿನ ಹಿನ್ನೀರಿನಲ್ಲೋ, ದಾಂಡೇಲಿಯಲ್ಲೋ, ಶಾಲೆಗಳ ಶಿಬಿರಗಳಲ್ಲೋ ಸಹಾಯಕರಾಗಿ ಸೇರಿಕೊಳ್ಳಿ. ಸಂಬಳ ಕಡಿಮೆ, ನಿಜ. ಆದರೆ ಈ ಕೆಲಸ ನಿಮಗೆ ಒಗ್ಗುತ್ತದಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಶಿಬಿರದ ಮೂರನೇ ದಿನ, ಮಳೆ, ಒದ್ದೆ ಡೇರೆ, ಮನೆ ನೆನೆದು ಅಳುವ ಮಗು. ಆಗಲೂ ನಿಮಗೆ ಅಲ್ಲೇ ಇರಬೇಕು ಅನ್ನಿಸಿದರೆ ಮುಂದಿನ ಮಾತು.

## ಎಲ್ಲಿ, ಎಷ್ಟು

ಯಾವ ದೇಶಕ್ಕೆ ಹೋಗೋದು ಒಳ್ಳೇದು?

ನಿಮಗೆ ಏನು ಬೇಕು ಅನ್ನುವುದರ ಮೇಲೆ.

ಬ್ರಿಟನ್ನಿನಲ್ಲಿ ಒಂದು ವರ್ಷ. 180 ಕ್ರೆಡಿಟ್, ಅದರಲ್ಲಿ 60 ಪ್ರಬಂಧಕ್ಕೆ. ಓದು, ಬರವಣಿಗೆ ಜಾಸ್ತಿ. ಪರಿಸರ ಮತ್ತು ಸುಸ್ಥಿರತೆಯ ಕಡೆ ಒಲವು. ಎಡಿನ್‌ಬರೊ ಅದಕ್ಕೆ ಹೆಸರಾದದ್ದು. ಇಂಗ್ಲೆಂಡಿನ ಸರೋವರ ಸೀಮೆಯ ಆಂಬಲ್‌ಸೈಡ್‌ನಲ್ಲಿ ಕಂಬ್ರಿಯಾ ವಿಶ್ವವಿದ್ಯಾಲಯವಿದೆ. ಬಾಗಿಲು ತೆರೆದರೆ ಬೆಟ್ಟ.

ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವರ್ಷ. ಅಲ್ಲಿ ನಾಯಕತ್ವ, ಕಾರ್ಯಕ್ರಮ ನಡೆಸುವುದು, ಆಡಳಿತ, ಸಾಹಸ ಚಿಕಿತ್ಸೆ (ಸಾಹಸದ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ಅಡ್ವೆಂಚರ್ ಥೆರಪಿ), ಇಂಥ ವೃತ್ತಿಯ ಕಡೆ ಒತ್ತು. ಅಲ್ಲಿಯ ದೊಡ್ಡ ಅನುಕೂಲ ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್. ಹಲವು ವಿಶ್ವವಿದ್ಯಾಲಯಗಳಿಗೆ ತಮ್ಮದೇ ಹೊರಾಂಗಣ ಕೇಂದ್ರ ಇರುತ್ತದೆ. ಅದರಲ್ಲಿ ಕೆಲಸ ಮಾಡಿದರೆ ಶುಲ್ಕದಲ್ಲಿ ರಿಯಾಯಿತಿ, ತಿಂಗಳ ಭತ್ಯೆ ಸಿಗಬಹುದು. ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿರುವ ಐಲೆಂಡ್‌ವುಡ್, ವಯೋಮಿಂಗ್‌ನ ಟೀಟನ್ ಸೈನ್ಸ್ ಸ್ಕೂಲ್ಸ್‌ನಂಥ ಕಡೆ ಮಕ್ಕಳಿಗೆ ಕಲಿಸುತ್ತಲೇ ಓದುವ ಸ್ನಾತಕೋತ್ತರ ಕಾರ್ಯಕ್ರಮಗಳು ಬೆಳೆದವು. ಶಿಕ್ಷಕರಾಗುವವರು ಅಂಥವನ್ನು ಹುಡುಕಿ.

ನಾರ್ವೆಯಲ್ಲಿ ಫ್ರಿಲುಫ್ಟ್ಸ್‌ಲಿವ್ ಪರಂಪರೆ. ಗೆಲ್ಲುವುದು, ಸಾಧಿಸುವುದಕ್ಕಿಂತ ಹೊರಗೆ ಸಮಾಧಾನವಾಗಿ ಬದುಕುವುದನ್ನು ಕಲಿಸುತ್ತಾರೆ. ಬೆಂಕಿ ಹಾಕುವುದು, ಕಾಯುವುದು, ಸುಮ್ನೆ ಕೂರುವುದು ಪಾಠದ ಭಾಗ. ಓಸ್ಲೊದ ನಾರ್ವೇಜಿಯನ್ ಸ್ಕೂಲ್ ಆಫ್ ಸ್ಪೋರ್ಟ್ ಸೈನ್ಸಸ್, ಕಂಬ್ರಿಯಾ, ಜರ್ಮನಿಯ ಮಾರ್ಬರ್ಗ್ ವಿಶ್ವವಿದ್ಯಾಲಯ ಸೇರಿ ಒಂದು ಜಂಟಿ ಪದವಿ ಕಟ್ಟಿದ್ದವು. ಒಂದೇ ವಿಷಯವನ್ನು ಮೂರು ದೇಶದ ಕಣ್ಣಿನಲ್ಲಿ ನೋಡುವ ಪ್ರಯತ್ನ ಅದು. ನಾರ್ವೆಯಲ್ಲಿ ಓದು ಉಚಿತ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. 2023ರ ಶರತ್ಕಾಲದಿಂದ ಯುರೋಪಿನ ಹೊರಗಿನವರು ಶುಲ್ಕ ಕಟ್ಟಬೇಕು.

ನನ್ನ ಅಭಿಪ್ರಾಯ ಕೇಳಿದರೆ: ವಾಪಸ್ ಬಂದು ಶಾಲೆಗಳ ಜೊತೆ ಕೆಲಸ ಮಾಡುವವರಿಗೆ ಬ್ರಿಟನ್ ಅಥವಾ ನಾರ್ವೆ. ಸಂಸ್ಥೆ ಕಟ್ಟುವವರಿಗೆ ಅಮೆರಿಕ.

ಖರ್ಚು ಎಷ್ಟಾಗುತ್ತೆ? ಸ್ಕಾಲರ್‌ಶಿಪ್ ಸಿಗುತ್ತಾ?

ಬ್ರಿಟನ್ನಿನ ಒಂದು ವರ್ಷಕ್ಕೆ ಶುಲ್ಕ, ವಾಸ, ಊಟ ಎಲ್ಲ ಸೇರಿದರೆ 30 ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಲೆಕ್ಕ ಹಾಕುವಾಗ ಬಿಟ್ಟುಹೋಗುವ ಖರ್ಚುಗಳಿವೆ. ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಸ್ಕಾಟ್ಲೆಂಡಿನ ಮಳೆಗೆ ತಡೆಯುವ ಜಾಕೆಟ್, ಶೂ ಬೇಕು. ಇಲ್ಲಿಂದ ಕೊಂಡೊಯ್ದ ಪೋಂಚೊ ಅಲ್ಲಿನ ಗಾಳಿಗೆ ನಿಲ್ಲುವುದಿಲ್ಲ.

ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನವೂ ಇದೆ. ಜೆ.ಎನ್. ಟಾಟಾ ದತ್ತಿ 1892ರಿಂದ ವಿದೇಶಿ ಓದಿಗೆ ಸಾಲದ ರೂಪದಲ್ಲಿ ನೆರವು ಕೊಡುತ್ತಾ ಬಂದಿದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ರಾಜ್ಯದ ಪ್ರಬುದ್ಧ ಯೋಜನೆ ಮತ್ತು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಎರಡನ್ನೂ ವಿಚಾರಿಸಿ. ಕೆಲವು ಯೋಜನೆಗಳಲ್ಲಿ ವಿಷಯಗಳ ಪಟ್ಟಿ ಇರುತ್ತದೆ. ಅದರಲ್ಲಿ ಸಾಹಸ ಶಿಕ್ಷಣ ಅಂತ ಇರುವುದಿಲ್ಲ. ಶಿಕ್ಷಣ, ಪರಿಸರ ಶಿಕ್ಷಣ, ಸುಸ್ಥಿರ ಅಭಿವೃದ್ಧಿ ಅನ್ನುವ ಹೆಸರಿನಡಿ ನಿಮ್ಮ ಕೋರ್ಸು ಬರುತ್ತದಾ ನೋಡಿ. ಎಷ್ಟೋ ಸಲ ಬರುತ್ತದೆ.

ಪೂರ್ತಿ ಸಾಲದ ಮೇಲೆ ಹೋಗುವವರಿಗೆ ಒಂದು ಮಾತು. ಈ ಕ್ಷೇತ್ರದ ಸಂಬಳದಲ್ಲಿ 30 ಲಕ್ಷದ ಸಾಲ ತೀರಿಸುವುದು ಕಷ್ಟ. ಅರ್ಧಕ್ಕಿಂತ ಹೆಚ್ಚು ನೆರವು ಸಿಗದಿದ್ದರೆ ಒಂದು ವರ್ಷ ಕಾಯ್ದು ಮತ್ತೆ ಅರ್ಜಿ ಹಾಕಿ.

ಹೆಣ್ಮಗಳು, ಕಾಡು ಮೇಡು ಅಲೆಯೋ ಓದು ಯಾಕೆ ಅಂತ ಮನೇಲಿ ಬೈತಾರೆ. ಏನು ಹೇಳಲಿ?

ಬಚೇಂದ್ರಿ ಪಾಲ್ 1984ರಲ್ಲಿ ಎವರೆಸ್ಟ್ ಏರಿದರು, ನಮ್ಮ ದೇಶದ ಮೊದಲ ಮಹಿಳೆ. ಅಲ್ಲಿಗೆ ನಿಲ್ಲಲಿಲ್ಲ. ಜಮ್‌ಶೆಡ್‌ಪುರದಲ್ಲಿ ಟಾಟಾ ಸ್ಟೀಲ್ ಅಡ್ವೆಂಚರ್ ಫೌಂಡೇಷನ್ ಮುನ್ನಡೆಸಿ ದಶಕಗಳ ಕಾಲ ಕಲಿಸಿದರು. ಮನೆಯಲ್ಲಿ ಎವರೆಸ್ಟ್ ಬಗ್ಗೆ ಹೇಳುವುದಕ್ಕಿಂತ ಆ ಕಲಿಸಿದ ವರ್ಷಗಳ ಬಗ್ಗೆ ಹೇಳಿ. ಇದು ಶಿಕ್ಷಕಿಯ ಕೆಲಸ ಅಂತ ಗೊತ್ತಾದರೆ ಅಪ್ಪ ಅಮ್ಮನ ಅರ್ಧ ಭಯ ಹೋಗುತ್ತದೆ. ಮತ್ತೊಂದು ವಿಷಯ. ಶಾಲೆಗಳು ಹೆಣ್ಣುಮಕ್ಕಳ ಶಿಬಿರಕ್ಕೆ ಮಹಿಳಾ ಬೋಧಕರನ್ನು ಹುಡುಕಿ ಹುಡುಕಿ ಸೋಲುತ್ತವೆ. ಬೋಧಕಿ ಇಲ್ಲ ಅನ್ನುವ ಕಾರಣಕ್ಕೆ ಶಿಬಿರ ತಪ್ಪಿಸಿಕೊಳ್ಳುವ ಹುಡುಗಿಯರಿದ್ದಾರೆ. ನೀವು ಓದಿ ಬಂದರೆ ಅವರಿಗೆ ದಾರಿಯಾಗುತ್ತದೆ.

## ತರಗತಿಯ ಒಳಗೆ

ಕ್ಲಾಸಲ್ಲಿ ಏನು ಕಲಿಸ್ತಾರೆ? ಬರೀ ಹತ್ತೋದು ಇಳಿಯೋದಾ?

ಹತ್ತುವುದು ಇಳಿಯುವುದು ಕಡಿಮೆ. ಹತ್ತಿ ಇಳಿದ ಮೇಲೆ ಏನು ಮಾಡಬೇಕು ಅನ್ನುವುದು ಜಾಸ್ತಿ.

ಒಂದು ಉದಾಹರಣೆ ಕೊಡುತ್ತೇನೆ. ರಾಮನಗರದ ಬಂಡೆ. ಏಳನೇ ತರಗತಿಯ ಹುಡುಗಿ ಹಗ್ಗ ಕಟ್ಟಿಕೊಂಡು ಅರ್ಧ ಹತ್ತಿದ್ದಾಳೆ. ಕಾಲು ನಡುಗುತ್ತಿದೆ. ಕೆಳಗಿನಿಂದ ಎಲ್ಲರೂ ಕೂಗುತ್ತಿದ್ದಾರೆ: "ಆಗುತ್ತೆ, ಆಗುತ್ತೆ, ಹತ್ತು!" ಅವಳು ಐದು ನಿಮಿಷ ಅಲ್ಲೇ ನಿಂತು, ಆಮೇಲೆ ಇಳಿಸಿ ಅನ್ನುತ್ತಾಳೆ. ಇಳಿಯುತ್ತಾಳೆ. ಸಾಮಾನ್ಯ ಶಿಬಿರದಲ್ಲಿ ಒಂದು ಚಪ್ಪಾಳೆ, "ಪರವಾಗಿಲ್ಲ, ಮುಂದಿನ ಸಲ," ಮುಂದಿನ ಮಗು. ಅಲ್ಲಿಗೆ ಮುಗಿಯಿತು.

ಈ ಓದು ಶುರುವಾಗುವುದು ಅಲ್ಲಿಂದ. ಅವಳ ಹತ್ತಿರ ಕೂತು ಏನು ಕೇಳಬೇಕು? "ಯಾಕೆ ಇಳಿದೆ?" ಅಂದರೆ ಅದು ಆರೋಪ. "ಮೇಲೆ ನಿಂತಿದ್ದಾಗ ಯಾರ ದನಿ ಕೇಳಿಸ್ತು?" ಅಂದರೆ ಅವಳು ಯೋಚಿಸುತ್ತಾಳೆ. ಬಹುಶಃ ಹೇಳುತ್ತಾಳೆ: "ಎಲ್ಲರೂ ಕೂಗ್ತಿದ್ರು, ಹಗ್ಗ ಹಿಡಿದವಳ ಮಾತು ಕೇಳಿಸಲೇ ಇಲ್ಲ." ಆ ಒಂದು ಉತ್ತರದಿಂದ ಇಡೀ ಗುಂಪಿಗೆ ಪಾಠ ಸಿಗುತ್ತದೆ. ಪ್ರೋತ್ಸಾಹ ಅಂದುಕೊಂಡು ಕೂಗಿದ್ದು ಅವಳಿಗೆ ಗದ್ದಲವಾಗಿತ್ತು. ಮುಂದಿನ ಮಗು ಹತ್ತುವಾಗ ಗುಂಪು ತಾನಾಗಿ ಸುಮ್ಮನಿರುತ್ತದೆ. ಇನ್ನು, ಇಳಿಯುವ ನಿರ್ಧಾರ ಅವಳದೇ ಆಗಿತ್ತು. ಅದನ್ನು ಸೋಲು ಅಂತ ಯಾರೂ ಕರೆಯಬಾರದು. ಆಯ್ಕೆ ಕಲಿಯುವವರ ಕೈಯಲ್ಲೇ ಇರಬೇಕು ಅನ್ನುವ ಈ ತತ್ವವನ್ನು ಹರಡಿದ್ದು ಪ್ರಾಜೆಕ್ಟ್ ಅಡ್ವೆಂಚರ್ ಅನ್ನುವ ಕಾರ್ಯಕ್ರಮ. 1971ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಪ್ರೌಢಶಾಲೆಯಲ್ಲಿ ಅದು ಶುರುವಾಯಿತು.

ಇದರ ಹಿಂದೆ ಸಿದ್ಧಾಂತ ಇದೆ. ಅನುಭವ ತಾನಾಗಿಯೇ ಶಿಕ್ಷಣವಾಗುವುದಿಲ್ಲ ಅಂತ ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1938ರಲ್ಲೇ ವಾದಿಸಿದರು. ಡೇವಿಡ್ ಕೋಲ್ಬ್ 1984ರಲ್ಲಿ ಅದನ್ನು ನಾಲ್ಕು ಹಂತದ ಚಕ್ರವಾಗಿ ಹೇಳಿದರು: ಅನುಭವ, ಅದರ ಬಗ್ಗೆ ಆಲೋಚನೆ, ಅದರಿಂದ ಒಂದು ತಿಳಿವಳಿಕೆ, ಅದನ್ನು ಮತ್ತೆ ಪ್ರಯೋಗಿಸಿ ನೋಡುವುದು. ನಮ್ಮ ಬಹುಪಾಲು ಶಿಬಿರಗಳು ಮೊದಲ ಹಂತದಲ್ಲೇ ನಿಂತುಬಿಡುತ್ತವೆ.

ಉಳಿದಂತೆ ಸಂಶೋಧನಾ ವಿಧಾನ, ಪರಿಸರ ತತ್ವ, ಗುಂಪಿನ ಮನಶ್ಶಾಸ್ತ್ರ, ಕಾರ್ಯಕ್ರಮ ರೂಪಿಸುವುದು ಇರುತ್ತವೆ. ಓದು ನಿಜವಾಗಿ ಭಾರ. ಇಂಗ್ಲಿಷಿನಲ್ಲಿ ಉದ್ದದ ಪ್ರಬಂಧ ಬರೆಯುವ ಅಭ್ಯಾಸವಿಲ್ಲದ ಕನ್ನಡ ಮಾಧ್ಯಮದವರು ಹೋಗುವ ಮೊದಲು ಆರು ತಿಂಗಳು ವಾರಕ್ಕೊಂದು ಪುಟ ಬರೆದು ಯಾರಿಗಾದರೂ ತೋರಿಸಿ. ಅಷ್ಟು ಸಾಕು, ಹೆದರಬೇಡಿ.

ಅಪಾಯದ ಬಗ್ಗೆ ಏನು ಕಲಿಸ್ತಾರೆ? ಹೆಲ್ಮೆಟ್ ಹಾಕಿದ್ರೆ ಸಾಕಲ್ವಾ?

ಸಾಲದು. ಇಡೀ ಓದಿನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದೇ.

1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಶಾಲಾ ಗುಂಪೊಂದು ಕಯಾಕ್‌ನಲ್ಲಿ ಹೊರಟಿತ್ತು. ಗಾಳಿ ಅವರನ್ನು ಸಮುದ್ರದ ಕಡೆ ತಳ್ಳಿತು. ನಾಲ್ವರು ಹದಿಹರೆಯದವರು ತೀರಿಕೊಂಡರು. ಅವರನ್ನು ಕರೆದೊಯ್ದ ಸಾಹಸ ಕೇಂದ್ರದಲ್ಲಿ ಸುರಕ್ಷತೆ ಸರಿಯಿಲ್ಲ ಅಂತ ಹಿಂದಿನ ವರ್ಷವೇ ಕೆಲಸ ಬಿಟ್ಟ ಬೋಧಕರು ಪತ್ರ ಬರೆದಿದ್ದರು. ಪತ್ರ ಇತ್ತು. ಯಾರೂ ಕ್ರಮ ತೆಗೆದುಕೊಂಡಿರಲಿಲ್ಲ. 1995ರಲ್ಲಿ ಬ್ರಿಟನ್ ಹೊಸ ಕಾನೂನು ತಂದಿತು, ಮಕ್ಕಳ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಯಿತು. 2008ರ ಏಪ್ರಿಲ್ 15ರಂದು ನ್ಯೂಜಿಲೆಂಡಿನ ಮಂಗಟೆಪೋಪೊ ಕಮರಿಯಲ್ಲಿ ಮಳೆಗೆ ಹೊಳೆ ಉಕ್ಕಿ ಆರು ವಿದ್ಯಾರ್ಥಿಗಳು ಮತ್ತು ಒಬ್ಬ ಶಿಕ್ಷಕರು ತೀರಿಕೊಂಡರು. 2011ರಲ್ಲಿ ಆ ದೇಶ ಸಾಹಸ ಚಟುವಟಿಕೆಗಳಿಗೆ ನಿಯಮ ತಂದಿತು.

ನಮ್ಮ ಕಡೆ ಬನ್ನಿ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟಿನ ನೀರು ಬಿಟ್ಟಾಗ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಬೆಂಗಳೂರಿನಿಂದ ಹೋಗಿದ್ದ ತಂಡದ 9 ಮಂದಿ ಪ್ರಾಣ ಬಿಟ್ಟರು. ಆ ಸುದ್ದಿ ನಮ್ಮಲ್ಲಿ ಎಷ್ಟೋ ಮನೆಗಳನ್ನು ಮುಟ್ಟಿತು.

ತರಗತಿಯಲ್ಲಿ ಇಂಥ ಘಟನೆಗಳನ್ನು ಗಂಟೆ ಗಂಟೆಯಾಗಿ ಬಿಡಿಸಿ ನೋಡುತ್ತಾರೆ. ಯಾರ ತಪ್ಪು ಅಂತ ಹುಡುಕುವುದಲ್ಲ. ಬೆಳಿಗ್ಗೆ ಎಂಟಕ್ಕೆ ಯಾರಿಗೆ ಏನು ಗೊತ್ತಿತ್ತು? ವಾಪಸ್ ತಿರುಗಬಹುದಾಗಿದ್ದ ಕೊನೆಯ ಕ್ಷಣ ಯಾವುದು? ತಿರುಗಲು ಏನು ಅಡ್ಡಿಯಾಯಿತು: ದುಡ್ಡು, ಮುಜುಗರ, ಬಸ್ಸಿನ ಸಮಯ, ದೊಡ್ಡವರ ಮಾತಿಗೆ ಎದುರಾಡಬಾರದು ಅನ್ನುವ ಸಂಕೋಚ? ಆ ಕೊನೆಯದು ನಮ್ಮಲ್ಲಿ ಬಹಳ. ಸಹಾಯಕ ಹುಡುಗನಿಗೆ ಹೊಳೆ ಏರುತ್ತಿರುವುದು ಕಾಣುತ್ತಿರುತ್ತದೆ. ಸರ್ ಮುಂದೆ ಹೇಳಲು ಬಾಯಿ ಬರುವುದಿಲ್ಲ. ತಂಡದ ಅತಿ ಕಿರಿಯನೂ "ಬೇಡ" ಅನ್ನಬಹುದಾದ ವಾತಾವರಣ ಕಟ್ಟುವುದು ಹೆಲ್ಮೆಟ್ಟಿಗಿಂತ ದೊಡ್ಡ ಸುರಕ್ಷತೆ.

## ಓದಿದ ಮೇಲೆ

ವಾಪಸ್ ಬಂದ್ರೆ ಇಲ್ಲಿ ಕೆಲಸ ಇದೆಯಾ?

ಇದೆ, ಆದರೆ ಈ ಪದವಿಯ ಹೆಸರಿನಲ್ಲಿ ಜಾಹೀರಾತು ಬರುವುದಿಲ್ಲ. ವಸತಿ ಶಾಲೆಗಳು ಮತ್ತು ಅಂತರರಾಷ್ಟ್ರೀಯ ಶಾಲೆಗಳ ಹೊರಾಂಗಣ ವಿಭಾಗ, ಶಿಬಿರ ಸಂಸ್ಥೆಗಳು, ಕಂಪನಿಗಳ ನಾಯಕತ್ವ ತರಬೇತಿ, ಪರಿಸರ ಸಂಸ್ಥೆಗಳು, ಶಿಕ್ಷಕರ ತರಬೇತಿ ಇವೆಲ್ಲ ಸಾಧ್ಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ 10 ದಿನದ ಬ್ಯಾಗ್‌ರಹಿತ ಅವಧಿ ಹೇಳಿದೆ. ರಾಜ್ಯಗಳು ನೀತಿಯನ್ನು ಹೇಗೆ ತೆಗೆದುಕೊಂಡರೂ, ಬ್ಯಾಗಿಲ್ಲದ ದಿನ ಅನ್ನುವ ಯೋಚನೆ ಶಾಲೆಗಳಲ್ಲಿ ಬೇರೂರುತ್ತಿದೆ. ಆ ದಿನಗಳಲ್ಲಿ ಏನು ಮಾಡಬೇಕು ಅಂತ ಗೊತ್ತಿರುವವರು ಕಡಿಮೆ. ಅಲ್ಲಿ ನಿಮಗೆ ಜಾಗವಿದೆ. ಐಟಿ ಸಂಬಳ ನಿರೀಕ್ಷಿಸಬೇಡಿ.

ಅಲ್ಲಿ ಕಲಿತದ್ದು ನಮ್ಮ ಮಲೆನಾಡಿಗೆ ಹೊಂದುತ್ತಾ?

ಹಾಗೇ ಎತ್ತಿ ತಂದರೆ ಹೊಂದುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಯಾರು ಬೇಕಾದರೂ ಜವಾಬ್ದಾರಿಯಿಂದ ಬೆಟ್ಟ ಗುಡ್ಡ ಸುತ್ತುವ ಹಕ್ಕು ಕೊಟ್ಟಿದೆ. ನಾರ್ವೆಯಲ್ಲಿ ಅಂಥ ಕಾನೂನು 1957ರಿಂದ ಇದೆ. ಅಲ್ಲಿನ ಪಠ್ಯಗಳು ಆ ಹಕ್ಕನ್ನು ಗಾಳಿಯ ಹಾಗೆ ಸಹಜ ಅಂದುಕೊಂಡು ಬರೆದವು. ಇಲ್ಲಿ ಕುದುರೆಮುಖಕ್ಕೋ ಕುಮಾರ ಪರ್ವತಕ್ಕೋ ಅರಣ್ಯ ಇಲಾಖೆಯ ಅನುಮತಿ ಬೇಕು. ಬೇಕಾದದ್ದೇ. ಅದು ಆನೆಯ, ಕಾಟಿಯ ಮನೆ. ತಲೆಮಾರುಗಳಿಂದ ಅಲ್ಲಿ ಬದುಕಿದ ಜನರೂ ಇದ್ದಾರೆ. ನಾವು ಹೋಗುವುದು ನಿರ್ಜನ ಕಾಡಿಗಲ್ಲ, ಯಾರದೋ ಊರಿನ ಹಿತ್ತಲಿಗೆ.

ಶೌಚದ ಪಾಠವನ್ನೇ ನೋಡಿ. ಹೋದ ಜಾಗದಲ್ಲಿ ಗುರುತು ಉಳಿಸಬೇಡಿ ಅನ್ನುವ ಅಮೆರಿಕದ ಲೀವ್ ನೋ ಟ್ರೇಸ್ ನಿಯಮ: ನೀರಿನಿಂದ 200 ಅಡಿ ದೂರ, 6ರಿಂದ 8 ಇಂಚು ಆಳದ ಗುಂಡಿ. ಒಳ್ಳೆಯ ನಿಯಮ. ಆದರೆ ಜುಲೈ ತಿಂಗಳ ಆಗುಂಬೆಯಲ್ಲಿ 200 ಅಡಿ ಒಳಗೆ ನೀರು ಹರಿಯದ ಜಾಗ ಎಲ್ಲಿದೆ? ಕೆಳಗಿನ ಮನೆಯವರು ಅದೇ ಝರಿಗೆ ಪೈಪು ಹಾಕಿ ಕುಡಿಯುತ್ತಾರೆ. ಮಳೆಗಾಲದಲ್ಲಿ ಶಿಬಿರವನ್ನು ಊರಿನ ಶಾಲೆಯ ಹತ್ತಿರ ಮಾಡಿ, ಇರುವ ಶೌಚಾಲಯ ಬಳಸಿ, ಅದನ್ನು ತೊಳೆದು ಬರುವುದು ಇಲ್ಲಿನ ಸರಿಯಾದ ಉತ್ತರ. ತತ್ವ ಅದೇ, ಆಚರಣೆ ಬೇರೆ. ಹೀಗೆ ಒಂದೊಂದನ್ನೂ ನಮ್ಮ ನೆಲದ ಮೇಲೆ ಇಟ್ಟು ನೋಡುವ ಕೆಲಸ ಯಾರಾದರೂ ಮಾಡಲೇಬೇಕು.

## ಇನ್ನೂ ಆಳಕ್ಕೆ

ಸಾಹಸದಿಂದ ವ್ಯಕ್ತಿತ್ವ ಬೆಳೆಯುತ್ತೆ ಅಂತಾರಲ್ಲ, ಅದಕ್ಕೆ ಸಾಕ್ಷಿ ಇದೆಯಾ?

ಇದೆ, ಮಿತಿಯೂ ಇದೆ. ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ 96 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಕಾರ್ಯಕ್ರಮ ಮುಗಿದಾಗ ಸರಾಸರಿ ಪರಿಣಾಮದ ಪ್ರಮಾಣ 0.34. ಅಂದರೆ ಸಣ್ಣದಕ್ಕೂ ಮಧ್ಯಮಕ್ಕೂ ನಡುವಿನ ಪರಿಣಾಮ. ಅಚ್ಚರಿಯ ಸಂಗತಿ ಆಮೇಲಿನದು: ಸಮಯ ಕಳೆದ ಮೇಲೆ ಇಳಿಯುವ ಬದಲು ಇನ್ನೂ 0.17 ಏರಿತ್ತು. ಶಿಕ್ಷಣದ ಹೆಚ್ಚಿನ ಪ್ರಯೋಗಗಳಲ್ಲಿ ಫಲ ಕಾಲದೊಂದಿಗೆ ಕರಗುತ್ತದೆ. ಆದರೆ ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ವ್ಯತ್ಯಾಸ ಬಹಳ ದೊಡ್ಡದಿತ್ತು. ಉದ್ದದ ಕಾರ್ಯಕ್ರಮಗಳ ಫಲ ಹೆಚ್ಚು. ಒಂದು ದಿನದ ಹಗ್ಗದಾಟಕ್ಕೆ "ನಾಯಕತ್ವ ಬೆಳೆಯುತ್ತದೆ" ಅಂತ ಬ್ಯಾನರ್ ಕಟ್ಟಲು ಈ ಅಂಕಿ ಬಳಸಬಾರದು.

ಎದುರು ವಾದವನ್ನೂ ಓದಿ. ಆಸ್ಟ್ರೇಲಿಯಾದ ಆಂಡ್ರೂ ಬ್ರೂಕ್ಸ್ 2003ರಲ್ಲಿ, ಸಾಹಸದಿಂದ ಗುಣ ಬೆಳೆಸಬಹುದು ಅನ್ನುವ ಹಾನ್ ಪರಂಪರೆಯನ್ನು ಬಲವಾಗಿ ಪ್ರಶ್ನಿಸಿದರು. ಮನುಷ್ಯನ ವರ್ತನೆಯನ್ನು ಹೆಚ್ಚಾಗಿ ನಿರ್ಧರಿಸುವುದು ಸಂದರ್ಭ. ಬೆಟ್ಟದ ಮೇಲೆ ಧೈರ್ಯ ತೋರಿದವನು ತರಗತಿಯಲ್ಲೂ ತೋರುತ್ತಾನೆ ಅನ್ನುವುದಕ್ಕೆ ಆಧಾರ ಏನು ಅಂತ ಕೇಳಿದರು. ನನಗೆ ಈ ಪ್ರಶ್ನೆ ಬಹಳ ಉಪಕಾರಿ ಅನ್ನಿಸುತ್ತದೆ. ಇದನ್ನು ಒಪ್ಪಿದರೆ ಶಿಬಿರದ ಗುರಿಯೇ ಬದಲಾಗುತ್ತದೆ. ಆಗ ಮಗುವಿನ ಗುಣ ತಿದ್ದುವ ಬದಲು ಆ ಜಾಗ, ಆ ಹೊಳೆ, ಆ ಜನರ ಜೊತೆ ಮಗುವಿಗೆ ಸಂಬಂಧ ಬೆಳೆಸಲು ಕೂರುತ್ತೀರಿ.

ಅಡ್ವೆಂಚರ್ ಥೆರಪಿ ಮಾಡಬೇಕು ಅಂತಿದೆ. ಇದೇ ಪದವಿ ಸಾಕಾ?

ಸಾಲದು. ಅದಕ್ಕೆ ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದ ಪದವಿ, ಮೇಲ್ವಿಚಾರಣೆಯಲ್ಲಿ ಪಡೆದ ಆಪ್ತಸಮಾಲೋಚನೆಯ ತರಬೇತಿ ಬೇಕು. ನೋವಿನಲ್ಲಿರುವವರನ್ನು ಬಂಡೆ ಹತ್ತಿಸಿ ಮಾತಾಡಿಸಿದರೆ ಚಿಕಿತ್ಸೆಯಾಗುವುದಿಲ್ಲ, ಹಾನಿಯೂ ಆಗಬಹುದು. ಎರಡೂ ಪದವಿ ಜೋಡಿಸಿ ಕೊಡುವ ವಿಶ್ವವಿದ್ಯಾಲಯಗಳು ಅಮೆರಿಕದಲ್ಲಿವೆ. ಅವನ್ನು ಹುಡುಕಿ.

ಪಿಎಚ್‌.ಡಿ. ಮಾಡಬಹುದಾ? ನಮ್ಮ ಕಡೆಯ ವಿಷಯಗಳಿವೆಯಾ?

ಮಾಡಬಹುದು. ನಾರ್ವೆಯಲ್ಲಿ ಪಿಎಚ್‌.ಡಿ. ಅಂದರೆ ಸಂಬಳದ ಕೆಲಸ, ಮೂರು ಅಥವಾ ನಾಲ್ಕು ವರ್ಷ. ಸ್ಪರ್ಧೆ ಜೋರು. ಬ್ರಿಟನ್ನಿನಲ್ಲಿ ಧನಸಹಾಯ ನೀವೇ ಹುಡುಕಬೇಕು. ಮೊದಲು ಮಾರ್ಗದರ್ಶಕರನ್ನು ಆರಿಸಿ, ಅವರು ಬರೆದದ್ದನ್ನು ಓದಿ, ಆಮೇಲೆ ಪತ್ರ ಬರೆಯಿರಿ.

ವಿಷಯಗಳು ನಮ್ಮ ಸುತ್ತಲೇ ಇವೆ, ಮುಟ್ಟಿದವರು ಕಡಿಮೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಅದನ್ನು ಹೊರಾಂಗಣ ಶಿಕ್ಷಣದ ಚರಿತ್ರೆಯಲ್ಲಿ ಎಲ್ಲಿ ಇಡಬೇಕು? 1937ರ ವಾರ್ಧಾ ಸಮ್ಮೇಳನದಲ್ಲಿ ಬಂದ ಗಾಂಧೀಜಿಯವರ ಶಿಕ್ಷಣ ಯೋಜನೆ ನಯೀ ತಾಲೀಮ್ ಕೈಕೆಲಸದ ಮೂಲಕ ಕಲಿಕೆ ಅಂದಿತು. ಹಾನ್ ಔಟ್‌ವರ್ಡ್ ಬೌಂಡ್ ಕಟ್ಟಿದ್ದು ಅದಾದ ನಾಲ್ಕು ವರ್ಷಕ್ಕೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಬೇಕು. ಬಾದಾಮಿಯ ಮರಳುಗಲ್ಲಿನ ಮೇಲೆ ಹೊರಗಿನವರು ಬಂದು ಹತ್ತುತ್ತಾರೆ. ಆ ಊರಿನ ಮಕ್ಕಳಿಗೆ ಅದರಿಂದ ಏನು ಬಂತು? ಜೇನು ಇಳಿಸುವ ಸೋಲಿಗರು, ಜೇನುಕುರುಬರು ಮಕ್ಕಳಿಗೆ ಮರ ಹತ್ತುವುದನ್ನು, ಅಪಾಯ ಅಳೆಯುವುದನ್ನು ಹೇಗೆ ಕಲಿಸುತ್ತಾರೆ? ಈ ಕೊನೆಯದಕ್ಕೆ ಅವರ ಒಪ್ಪಿಗೆ ಮೊದಲು, ಅವರ ಹೆಸರೂ ಪ್ರಬಂಧದಲ್ಲಿ ಇರಬೇಕು. ಸಂದರ್ಶನಗಳನ್ನು ಕನ್ನಡದಲ್ಲೇ ಮಾಡಿ, ಮೂಲ ಮಾತನ್ನು ಅನುಬಂಧದಲ್ಲಿ ಕೊಡಿ. ಮುಗಿದ ಮೇಲೆ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಕವನ್ನು ಆ ಊರಿನ ಶಾಲೆಗೆ ತಲುಪಿಸಿ. ಅದಕ್ಕೆ ಬೇಕಾದ ಖರ್ಚನ್ನು ಸಂಶೋಧನಾ ಪ್ರಸ್ತಾವನೆಯಲ್ಲೇ ಸೇರಿಸಿ ಕೇಳಬಹುದು.